ಮೇಲಿನವರು ತಪ್ಪು ಕೆಲಸ ಹೇಳಿದಾಗ: ‘ಆಗೂದಿಲ್ಲರಿ’ ಅನ್ನಲು ಬೇಕಾದ ತಯಾರಿ

ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ (ಗಾಡಿ ತೂಗುವ ಕಟ್ಟೆಯಲ್ಲಿ) ಕೂತವರು, ಸೊಸೈಟಿಯ ಗುಮಾಸ್ತರು, ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ಆಪರೇಟರುಗಳು, ಖಾಸಗಿ ಆಸ್ಪತ್ರೆಯ ನರ್ಸುಗಳು, ಅತಿಥಿ ಶಿಕ್ಷಕರು. ಇವರೆಲ್ಲರದೂ ಒಂದೇ ಪಾಡು: ತೀರ್ಮಾನ ಮೇಲಿನವರದು, ಸಹಿ ಇವರದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ನೌಕರಿ ಸಿಗುವುದೇ ಬಹಳ ಸಲ ಒಬ್ಬರ ಮಾತಿನ ಮೇಲೆ. ಸೋದರಮಾವನೋ ಊರಿನ ಮುಖಂಡರೋ ಹೇಳಿ ಹಚ್ಚಿರುತ್ತಾರೆ. ಹಾಗಾಗಿ ಸಾಹೇಬರಿಗೆ ಎದುರಾಡಿದರೆ ನೌಕರಿಯ ಜೊತೆಗೆ ಅದನ್ನು ಕೊಡಿಸಿದವರ ಮರ್ಯಾದೆಯೂ ಹೋಗುತ್ತದೆ ಎಂಬ ಅಂಜಿಕೆ. ‘ಉಂಡ ಮನಿ ಜಂತಿ ಎಣಿಸಬ್ಯಾಡ’ ಎಂಬ ಮಾತು ಕಿವಿಯಲ್ಲಿ ಕೂತೇ ಇರುತ್ತದೆ.

ಇಂಥವರಿಗೆ ಧೈರ್ಯದ ಉಪದೇಶ ಮಾಡಿ ಉಪಯೋಗವಿಲ್ಲ. ತಪ್ಪು ಆಜ್ಞೆಗೆ ಜನ ಏಕೆ ಒಪ್ಪುತ್ತಾರೆ, ಒಪ್ಪದವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಅರವತ್ತು ವರ್ಷಗಳಿಂದ ಅಳೆದು ನೋಡಿದ್ದಾರೆ. ಸ್ವಭಾವಕ್ಕಿಂತ ಸನ್ನಿವೇಶದ ಪಾತ್ರ ದೊಡ್ಡದು ಎಂಬುದು ಆ ಅಳತೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಸ್ವಭಾವ ಬದಲಿಸಿಕೊಳ್ಳುವುದು ಕಷ್ಟ. ಸನ್ನಿವೇಶವನ್ನು ಮಾತ್ರ ಆಜ್ಞೆ ಬರುವ ಮೊದಲೇ ಅಷ್ಟಿಷ್ಟು ಸಜ್ಜುಮಾಡಿಟ್ಟುಕೊಳ್ಳಲು ಬರುತ್ತದೆ.

ಹದಿನೈದು ಹದಿನೈದು ವೋಲ್ಟಿನ ಏಣಿ

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರುಮಾಡಿದರು. ಅದರ ಮೊದಲ ವರದಿ 1963ರಲ್ಲಿ ಹೊರಬಂತು. ಅದಕ್ಕೆ ಬಂದವರು 20ರಿಂದ 50 ವಯಸ್ಸಿನ 40 ಗಂಡಸರು, ತಲೆಗೆ ನಾಲ್ಕೂವರೆ ಡಾಲರ್ ಕೂಲಿ. ಗೋಡೆಯಾಚೆ ಕೂತ ಒಬ್ಬ ‘ವಿದ್ಯಾರ್ಥಿ’ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ವಿದ್ಯುತ್ ಶಾಕ್ ಕೊಡುವುದು ಅವರ ಕೆಲಸ. ಯಂತ್ರದಲ್ಲಿ 30 ಸ್ವಿಚ್. ಮೊದಲನೆಯದು 15 ವೋಲ್ಟ್, ಆಮೇಲೆ ಒಂದೊಂದಕ್ಕೂ 15 ಹೆಚ್ಚು, ಕೊನೆಯದು 450. ನಿಜವಾಗಿ ಶಾಕ್ ಹೋಗುತ್ತಿರಲಿಲ್ಲ, ವಿದ್ಯಾರ್ಥಿಯದು ನಟನೆ. ಅದನ್ನು ಸ್ವಿಚ್ ಒತ್ತುವವರಿಗೆ ಹೇಳಿರಲಿಲ್ಲ. ಸಾವಿರಕ್ಕೆ ಒಬ್ಬರು ಕೊನೆ ಮುಟ್ಟಬಹುದು ಎಂದು ಮನೋವೈದ್ಯರು ಅಂದಾಜು ಮಾಡಿದ್ದರು. 40ರಲ್ಲಿ 26 ಜನ 450 ಒತ್ತಿದರು. 300ಕ್ಕಿಂತ ಮೊದಲು ಯಾರೂ ನಿಲ್ಲಲಿಲ್ಲ.

ಅವರೇನು ಕಲ್ಲೆದೆಯವರಲ್ಲ. ಬೆವತರು, ನಡುಗಿದರು, ತುಟಿ ಕಚ್ಚಿಕೊಂಡರು, ಕೆಲವರಿಗೆ ತಡೆಯಲಾರದ ನಗು ಬಂತು. ಎಷ್ಟು ವೋಲ್ಟ್ ಕೊಡಬೇಕೆಂದು ನೀವೇ ಆರಿಸಿಕೊಳ್ಳಿ ಎಂದು ಬಿಟ್ಟ ಇನ್ನೊಂದು ಸುತ್ತಿನಲ್ಲಿ ಬಹುತೇಕ ಎಲ್ಲರೂ ಕೆಳಗಿನ ಸ್ವಿಚ್‌ಗಳಲ್ಲೇ ಉಳಿದರು. 40ರಲ್ಲಿ ಕೊನೆಗೆ ಹೋದದ್ದು ಒಬ್ಬರೇ. ಅಂದರೆ ನೋಯಿಸುವ ಆಸೆ ಅವರಲ್ಲಿ ಇರಲಿಲ್ಲ.

ಮತ್ತೆ ಹೇಗೆ ಹೋದರು? ಏಣಿಯ ಮೆಟ್ಟಿಲು ಸಣ್ಣದಿತ್ತು. 195 ಒತ್ತಿದವರಿಗೆ 210 ಒತ್ತಬಾರದು ಅನ್ನಲು ಕಾರಣ ಸಿಗುವುದಿಲ್ಲ. 210 ತಪ್ಪು ಅಂದರೆ 195ನ್ನೂ ತಪ್ಪು ಅಂತ ಒಪ್ಪಿಕೊಳ್ಳಬೇಕಾಗುತ್ತದೆ.

ಇದನ್ನೇ ಕಾಟಾದ ಮೇಲೆ ಇಟ್ಟು ನೋಡಿ. ಕಬ್ಬಿನ ಹಂಗಾಮು, ರಾತ್ರಿ ಪಾಳಿ. ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಕಾಟಾ ಹತ್ತುತ್ತದೆ. ಅಂಕಿ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ರೈತ ಕಿಟಕಿಯ ಹೊರಗಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ. ಮೊದಲ ವಾರ ಮೇಲಿನಿಂದ ಬಂದ ಮಾತು ‘ಗಾಡಿಗೆ 50 ಕಿಲೋ ಕಡಿಮಿ ಹಿಡಿ’ ಎಂದು. ಟನ್ನಿಗೆ 3,000 ರೂಪಾಯಿ ಅಂತ ಹಿಡಿದರೆ ಅದು 150 ರೂಪಾಯಿ, ಅಷ್ಟು ಕಬ್ಬಿನಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಎರಡು ವಾರ ಕಳೆದು 100. ಸಂಕ್ರಾಂತಿ ಹೊತ್ತಿಗೆ 200. ದಿನಕ್ಕೆ 200 ಗಾಡಿ ಬಂದರೆ 40 ಟನ್, ಅಂದರೆ 1,20,000 ರೂಪಾಯಿ ರೈತರ ಕೈತಪ್ಪಿತು. ಮೊದಲ ದಿನವೇ ಯಾರಾದರೂ ‘ದಿನಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಕದಿಯೋಣ’ ಅಂದಿದ್ದರೆ ಆ ಆಪರೇಟರ್ ಎದ್ದು ಹೋಗುತ್ತಿದ್ದ. ಐವತ್ತು ಕಿಲೋಕ್ಕೆ ಏಳಲಿಲ್ಲ, ಆಮೇಲೆ ಏಳಲು ಆಗಲಿಲ್ಲ.

ಯಾವುದು ಬದಲಾದರೆ ಜನ ನಿಲ್ಲುತ್ತಾರೆ

ಮಿಲ್‌ಗ್ರಾಂ ಅದೇ ಪ್ರಯೋಗವನ್ನು ಬೇರೆ ಬೇರೆ ರೀತಿ ಮಾಡಿ ನೋಡಿದರು. ನಮಗೆ ಬೇಕಾದ ಸಾಮಾನೆಲ್ಲ ಆ ಬದಲಾವಣೆಗಳಲ್ಲಿದೆ. ನೋವಿನ ಕೂಗು ಗೋಡೆಯಾಚೆಯಿಂದ ಕೇಳುತ್ತಿದ್ದಾಗ 40ರಲ್ಲಿ 25 ಜನ ಕೊನೆ ಮುಟ್ಟಿದರು. ವಿದ್ಯಾರ್ಥಿಯನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ 16. ಅವನ ಕೈಯನ್ನು ತಾವೇ ಹಿಡಿದು ಶಾಕ್ ಕೊಡುವ ತಟ್ಟೆಯ ಮೇಲೆ ಒತ್ತಬೇಕಾದಾಗ 12. ಆಜ್ಞೆ ಕೊಡುವವರು ಎದ್ದು ಹೋಗಿ ಫೋನಿನಲ್ಲಿ ಹೇಳತೊಡಗಿದಾಗ ಐವರಲ್ಲಿ ಒಬ್ಬರಷ್ಟೇ. ಪಕ್ಕದಲ್ಲಿ ಕೂತ ಇಬ್ಬರು ಜೊತೆಗಾರರು ‘ನಾವು ಮಾಡುವುದಿಲ್ಲ’ ಅಂದು ಎದ್ದಾಗ 40ರಲ್ಲಿ ನಾಲ್ವರು. ಆಜ್ಞೆ ಕೊಡುವ ಇಬ್ಬರು ತಮ್ಮತಮ್ಮಲ್ಲೇ ಬೇರೆ ಬೇರೆ ಮಾತಾಡಿದಾಗ ಒಬ್ಬರೂ ಕೊನೆಗೆ ಹೋಗಲಿಲ್ಲ.

ಎದುರು ದಿಕ್ಕಿನದೂ ಇದೆ. ಸ್ವಿಚ್ ಬೇರೆಯವರು ಒತ್ತುತ್ತಾರೆ, ನಿಮ್ಮದು ಪಕ್ಕದ ಸಣ್ಣ ಕೆಲಸ ಅಷ್ಟೇ ಅಂದಾಗ 40ರಲ್ಲಿ 37 ಜನ ಕೊನೆಯ ತನಕ ಕೂತಿದ್ದರು. ಕಚೇರಿಗಳಲ್ಲಿ ದಿನಾ ನಡೆಯುವುದು ಇದೇ. ಒಬ್ಬರು ಟೈಪ್ ಮಾಡುತ್ತಾರೆ, ಒಬ್ಬರು ಮುದ್ರೆ ಹಾಕುತ್ತಾರೆ, ಒಬ್ಬರು ಹೊರಹೋಗುವ ಪತ್ರಕ್ಕೆ ಜಾವಕ ನಂಬರ್ ಕೊಡುತ್ತಾರೆ. ‘ನಾ ಬರೇ ನಂಬರ್ ಹಾಕೀನ್ರಿ’ ಅನ್ನಲು ಪ್ರತಿಯೊಬ್ಬರಿಗೂ ಬರುತ್ತದೆ.

ಈ ಪ್ರಯೋಗಗಳ ಮೇಲೆ ಟೀಕೆ ಕಡಿಮೆ ಇಲ್ಲ. ಬಂದವರನ್ನು ಮೋಸಗೊಳಿಸಿ ಹಿಂಸೆಗೆ ಒಡ್ಡಿದ್ದು ತಪ್ಪು ಎಂಬುದು ಒಂದು, ಕೆಲವರು ಶಾಕ್ ನಿಜವೆಂದು ನಂಬಿರಲೇ ಇಲ್ಲ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಟೀಕೆಗಳೇ. 2009ರಲ್ಲಿ ಜೆರ್ರಿ ಬರ್ಗರ್ ಪ್ರಕಟಿಸಿದ ಮರುಪ್ರಯೋಗವನ್ನು ಮೊದಲನೆಯ ಕಾರಣಕ್ಕೇ 150 ವೋಲ್ಟಿಗೆ ನಿಲ್ಲಿಸಲಾಗಿತ್ತು. ಅಲ್ಲಿಂದ ಮುಂದೆ ಹೋಗಲು ಹತ್ತರಲ್ಲಿ ಏಳು ಜನ ತಯಾರಿದ್ದರು. ಈ 150ಕ್ಕೆ ಮಹತ್ವವಿದೆ: ಮಾತು ಕೇಳಿಸುತ್ತಿದ್ದ ಹಳೆಯ ಪ್ರಯೋಗಗಳಲ್ಲಿ ವಿದ್ಯಾರ್ಥಿ ‘ನನ್ನನ್ನು ಬಿಟ್ಟುಬಿಡಿ’ ಎಂದು ಮೊದಲ ಸಲ ಕೇಳುವುದು ಅಲ್ಲಿ. ನಿಂತವರಲ್ಲಿ ಬಹಳ ಜನ ನಿಂತದ್ದೂ ಅಲ್ಲೇ. ಆ ಮಾತನ್ನು ದಾಟಿಹೋದವರು ಆಮೇಲಿನ ಕೂಗಿಗೆ ನಿಲ್ಲುವುದು ಕಡಿಮೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಹಿಂಜರಿದವರಿಗೆ ಹೇಳಲು ನಾಲ್ಕು ಮಾತು ಗೊತ್ತುಮಾಡಿದ್ದರು. ಮೊದಲನೆಯದು ‘ದಯವಿಟ್ಟು ಮುಂದುವರಿಸಿ’, ಎರಡನೆಯದು ಪ್ರಯೋಗಕ್ಕೆ ಇದು ಬೇಕು ಎಂದು, ಕೊನೆಯದು ‘ನಿಮಗೆ ಬೇರೆ ದಾರಿಯೇ ಇಲ್ಲ’ ಎಂಬ ನೇರ ಹುಕುಂ. ಬರ್ಗರ್ ಪ್ರಯೋಗದಲ್ಲಿ ಈ ಕೊನೆಯ ಹುಕುಂ ಕೇಳಿದ ಒಬ್ಬರೂ ಮುಂದುವರಿಯಲಿಲ್ಲ. ಗದರಿಸಿದಾಗ ಜನ ಸೆಟೆದು ನಿಲ್ಲುತ್ತಾರೆ. ‘ಇದು ಒಳ್ಳೆಯ ಕೆಲಸಕ್ಕೆ, ನೀವು ಬೇಕು’ ಅಂದಾಗ ಹಿಂದೆ ಹೋಗುತ್ತಾರೆ. ಮನಶ್ಶಾಸ್ತ್ರಜ್ಞರಾದ ಹಾಸ್ಲಂ ಮತ್ತು ರೈಷರ್ ಇದರ ಮೇಲೆಯೇ ತಮ್ಮ ವಾದ ಕಟ್ಟಿದ್ದಾರೆ: ಇದು ಕುರುಡು ವಿಧೇಯತೆಗಿಂತ ಹೆಚ್ಚಾಗಿ, ನಾಯಕನ ಗುರಿ ತಮ್ಮದೂ ಹೌದೆಂದು ನಂಬಿ ಕೈಜೋಡಿಸುವುದು. ಆದ್ದರಿಂದ ‘ಕೆಲಸದಿಂದ ತೆಗೀತೀನಿ’ ಅನ್ನುವ ಸಾಹೇಬರಿಗಿಂತ ‘ನಮ್ಮ ಸೊಸೈಟಿ ಉಳೀಬೇಕಲ್ಲ ತಮ್ಮಾ, ನೀ ನಮ್ಮ ಹುಡುಗ’ ಅನ್ನುವವರ ಮುಂದೆ ಹೆಚ್ಚು ಎಚ್ಚರ ಬೇಕು.

‘ಅವರವರ ನ್ಯಾಯ ಅವರವರಿಗೆ’ ಅಂದಾಗ

ಒಪ್ಪಿಸಲು ಬಳಸುವ ಇನ್ನೊಂದು ಮಾತಿದೆ: ‘ಸರಿ ತಪ್ಪು ಅಂತ ಏನೈತಿ, ಈ ಕಡೆ ಪದ್ಧತಿನ ಹಿಂಗ.’ ಇದನ್ನು ಸುಮ್ಮನೆ ತಳ್ಳಿಹಾಕಬಾರದು, ಅದರಲ್ಲಿ ಅರ್ಧ ಸತ್ಯವಿದೆ.

ಲಿಂಗಾಯತರಲ್ಲಿ ಸತ್ತವರನ್ನು ಹೂಳುತ್ತಾರೆ, ಅದೇ ಊರಿನ ಪಕ್ಕದ ಓಣಿಯಲ್ಲಿ ಸುಡುತ್ತಾರೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಸಂಬಂಧ ಗಟ್ಟಿಮಾಡುವ ದಾರಿ, ಉತ್ತರ ಭಾರತದ ಬಹುಪಾಲು ಕಡೆ ಕಿವಿ ಮುಚ್ಚಿಕೊಳ್ಳುವ ಮಾತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ರಕ್ತಸಂಬಂಧದ ಮದುವೆ ಕೂಡದು ಎಂದು ಹೇಳಿ, ರೂಢಿ ಇದ್ದಲ್ಲಿ ನಡೆಯುತ್ತದೆ ಎಂದು ಜಾಗ ಬಿಟ್ಟಿದೆ. ಇಂಥ ವಿಷಯದಲ್ಲಿ ಅವರವರ ಪದ್ಧತಿ ಅವರವರಿಗೆ ಅನ್ನುವುದೇ ತಿಳಿವಳಿಕೆ.

ಪದ್ಧತಿಗಳು ಬೇರೆ ಬೇರೆ ಇವೆ ಎಂಬುದು ಕಣ್ಣಿಗೆ ಕಾಣುವ ವಿಷಯ. ಹಾಗೆಂದು ಎಲ್ಲ ಪದ್ಧತಿಯೂ ಸರಿ ಎಂಬುದು ಅದರಿಂದ ತಾನಾಗಿ ಹುಟ್ಟುವುದಿಲ್ಲ. ಹೂಳುವವರೂ ಸುಡುವವರೂ ಸತ್ತವರಿಗೆ ಮರ್ಯಾದೆ ಕೊಡುತ್ತಿದ್ದಾರೆ, ರೀತಿ ಮಾತ್ರ ಬೇರೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದೂ ಈ ಕಡೆಯ ಪದ್ಧತಿಯೇ ಆಗಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಅದನ್ನು ಅಪರಾಧ ಮಾಡಿತು. ರೂಢಿಯೇ ನ್ಯಾಯ ಅನ್ನುವುದಾದರೆ ಆ ಹುಡುಗಿಯರಿಗೆ ಆದದ್ದು ಅನ್ಯಾಯ ಎಂದು ಹೇಳಲು ಬಾಯೇ ಇರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಜಾತಿ ಮೀರಿ ಮದುವೆ ಮಾಡಿದ ಶರಣರೂ ತಪ್ಪು ಮಾಡಿದರು ಅನ್ನಬೇಕಾಗುತ್ತದೆ, ಅವತ್ತಿನ ರೂಢಿ ಅವರ ವಿರುದ್ಧವೇ ಇತ್ತಲ್ಲ. ಬಸವನ ಬಾಗೇವಾಡಿ, ಕೂಡಲಸಂಗಮದ ನೆಲದಲ್ಲಿ ನಿಂತು ಹಾಗೆ ಹೇಳಲು ಯಾರಿಗೂ ಮನಸ್ಸು ಬರಲಿಕ್ಕಿಲ್ಲ.

ಇನ್ನೂ ಒಂದು ತೊಡಕು: ‘ಈ ಕಡೆ ಪದ್ಧತಿ’ ಎಂದು ಹೇಳುತ್ತಿರುವವರು ಯಾರು? ಕಾಟಾದಲ್ಲಿ ತೂಕ ಕಡಿಯುವುದು ಪದ್ಧತಿ ಎಂದು ಕಬ್ಬು ತಂದವರು ಯಾವತ್ತೂ ಹೇಳುವುದಿಲ್ಲ. ಆದ್ದರಿಂದ ಗೊಂದಲವಾದಾಗ ಮೂರು ಪ್ರಶ್ನೆ ಸಾಕು. ಇದರ ಹೊರೆ ಹೊರುವವರಿಗೆ ವಿಷಯ ಪೂರ್ತಿ ಗೊತ್ತಾದರೆ ಒಪ್ಪುತ್ತಾರೆಯೇ? ಆಜ್ಞೆ ಕೊಟ್ಟವರು ಇದನ್ನೇ ಬರೆದು ಗೇಟಿನ ಫಲಕಕ್ಕೆ ಅಂಟಿಸುತ್ತಾರೆಯೇ? ಅವರ ಸ್ವಂತ ಹೊಲದ ಕಬ್ಬು, ಅವರ ಸ್ವಂತ ಮಗಳ ಇಂಜೆಕ್ಷನ್ ಆಗಿದ್ದರೂ ಹೀಗೇ ಮಾಡಿಸುತ್ತಿದ್ದರೇ? ಮೂರಕ್ಕೂ ‘ಇಲ್ಲ’ ಬಂದರೆ ಅದು ಪದ್ಧತಿಯ ಪ್ರಶ್ನೆಯಲ್ಲ. ಮೂರಕ್ಕೂ ‘ಹೌದು’ ಬಂದರೆ ನಿಮಗೆ ಒಗ್ಗದೇ ಇರಬಹುದು, ಮಾಡಿಬಿಡಿ.

ಹಾಗೆಯೇ ಬೇಸರದ ಆಜ್ಞೆ, ದಡ್ಡ ಆಜ್ಞೆ, ತಪ್ಪು ಆಜ್ಞೆ ಮೂರೂ ಬೇರೆ. ಭಾನುವಾರ ಬಾ ಅನ್ನುವುದು ಬೇಸರದ್ದು. ಒಂದೇ ವರದಿಯನ್ನು ಮೂರು ನಮೂನೆಯಲ್ಲಿ ತುಂಬು ಅನ್ನುವುದು ದಡ್ಡತನದ್ದು. ಇವಕ್ಕೆಲ್ಲ ಎದುರು ನಿಂತರೆ ನಿಜವಾಗಿ ನಿಲ್ಲಬೇಕಾದ ದಿನ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ತಯಾರಿ: ಆಜ್ಞೆ ಬರುವ ಮೊದಲು

ಗೆರೆಯನ್ನು ಮೊದಲೇ ಎಳೆದಿಡಿ. ಒಂದು ಹಾಳೆಯಲ್ಲಿ, ನಿಮ್ಮ ಕೆಲಸದಲ್ಲಿ ಮಾಡಲೇಬಾರದ ಮೂರು ಸಂಗತಿ ಬರೆಯಿರಿ. ‘ಮೋಸ ಮಾಡುವುದಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ, 50 ಕಿಲೋ ಮೋಸವೇ ಅಲ್ಲ ಎಂದು ಮನಸ್ಸು ವಾದ ಹೂಡುತ್ತದೆ. ಕೈಯಿಂದ ಆಗುವ ಕೆಲಸವನ್ನೇ ಬರೆಯಿರಿ: ‘ತೆರೆಯ ಮೇಲಿನ ಅಂಕಿ ಬಿಟ್ಟು ಬೇರೆ ಅಂಕಿ ಕಾಟಾ ಚೀಟಿಯಲ್ಲಿ ಹಾಕುವುದಿಲ್ಲ.’ ‘ನನ್ನ ಲಾಗಿನ್, ನನ್ನ ಹೆಬ್ಬೆಟ್ಟು ಇನ್ನೊಬ್ಬರ ಕೆಲಸಕ್ಕೆ ಕೊಡುವುದಿಲ್ಲ.’ ‘ಹಿಂದಿನ ತಾರೀಖು ಹಾಕಿ ಸಹಿ ಮಾಡುವುದಿಲ್ಲ.’ ‘ಉತಾರ (ಪಹಣಿ) ನೋಡದೆ ಸಾಲದ ಅರ್ಜಿಗೆ ಟಿಕ್ ಹಾಕುವುದಿಲ್ಲ.’ ‘ಬರೆದು ಕೊಡದ ಔಷಧ ಕೊಡುವುದಿಲ್ಲ.’ ಒಂದು ಕಿಲೋ, ಒಂದು ದಿನ, ಒಂದು ಹೆಸರು ಆದರೂ ಗೆರೆ ದಾಟಿದಂತೆಯೇ ಇರಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ, ಇಲ್ಲವೆ ಹಂಗಾಮು ಶುರುವಾಗುವ ಮೊದಲು ಇದನ್ನು ಮಾಡಿ. ಆಜ್ಞೆ ಬಂದ ಮೇಲೆ ಎಳೆದ ಗೆರೆ ಆಜ್ಞೆಯ ಆಚೆಗೇ ಬೀಳುತ್ತದೆ.

ಆಮೇಲೆ ಒಬ್ಬರನ್ನು ಹುಡುಕಿ. 26 ಇದ್ದದ್ದು 4 ಆದದ್ದು ಜೊತೆಗಾರರಿಂದ ಎಂಬುದನ್ನು ನೆನಪಿಡಿ. ನಮ್ಮ ಕೈಯಲ್ಲಿರುವ ಉಪಾಯಗಳಲ್ಲಿ ಇದಕ್ಕಿಂತ ಬಲವಾದದ್ದು ಇನ್ನೊಂದು ಕಾಣುವುದಿಲ್ಲ. ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ. ಅದೇ ಕೆಲಸ ಮಾಡುವ, ಇನ್ನೊಂದು ಪಾಳಿಯ ಒಬ್ಬರು ಸಾಕು. ಚಹಾದಂಗಡಿಯಲ್ಲಿ ಕೂತು ಇಷ್ಟೇ ಮಾತಾಡಿ: ‘ನಾ ಚೀಟಿ ಅಂಕಿ ಬದಲಿ ಮಾಡಾಂಗಿಲ್ಲ. ನಿನಗ ಹೇಳಿದ್ರ ನೀನೂ ಮಾಡಬ್ಯಾಡ. ಯಾರಿಗೆ ಮೊದಲ ಹೇಳಿದ್ರೂ ಇನ್ನೊಬ್ಬರಿಗೆ ತಿಳಿಸೋಣು.’ ಹಗಲು ಪಾಳಿ ಒಪ್ಪಲಿಲ್ಲವೆಂದು ರಾತ್ರಿ ಪಾಳಿಗೆ ಹೇಳುವುದು ಮೇಲಿನವರ ಮಾಮೂಲು ದಾರಿ. ಅದು ಮುಚ್ಚಿತು.

ಮೂರನೆಯದು ದುಡ್ಡು. ಎರಡು ತಿಂಗಳ ಮನೆಖರ್ಚು ಕೈಯಲ್ಲಿ ಇರುವವರ ‘ಇಲ್ಲ’ಕ್ಕೂ ಸಾಹೇಬರ ಬಳಿಯೇ ಮುಂಗಡ ತೆಗೆದುಕೊಂಡವರ ‘ಇಲ್ಲ’ಕ್ಕೂ ಬಹಳ ಅಂತರ. ಆಜ್ಞೆ ಕೊಡುವವರಿಂದ ಕೈಗಡ ತೆಗೆದುಕೊಳ್ಳಬೇಡಿ.

ಆಜ್ಞೆ ಬಂದ ಹೊತ್ತಿಗೆ

ಮೊದಲು ಎದುರಿನಿಂದ ಸರಿಯಿರಿ. ಆಜ್ಞೆ ಕೊಡುವವರು ಕಣ್ಣೆದುರು ಇಲ್ಲದಾಗ ಒಪ್ಪುವವರು ಐವರಲ್ಲಿ ಒಬ್ಬರಿಗೆ ಇಳಿದದ್ದನ್ನು ನೋಡಿದಿರಿ. ‘ಸರ್ರ, ಒಂದ್ ಐದ್ ನಿಮಿಷ ಕೊಡ್ರಿ, ರಿಜಿಸ್ಟರ್ ನೋಡಿ ಬರ್ತೀನ್ರಿ’ ಅನ್ನಿ, ಕೋಣೆಯಿಂದ ಹೊರಗೆ ಬನ್ನಿ.

ವಾಪಸ್ ಬಂದು ಆಜ್ಞೆಯನ್ನು ಅವರಿಗೇ ಬಿಡಿಸಿ ಹೇಳಿ. ಸವಾಲಿನ ದನಿ ಬೇಡ, ತಿಳಿದುಕೊಳ್ಳುವ ದನಿ ಸಾಕು: ‘ಅಂದ್ರ ತೆರಿ ಮ್ಯಾಲೆ 18 ಟನ್ 400 ಬಂದ್ರ ಚೀಟಿ ಒಳಗ 18 ಟನ್ 350 ಹಾಕಬೇಕು ಅಂತೀರೇನ್ರಿ?’ ತಪ್ಪು ಆಜ್ಞೆಗಳೆಲ್ಲ ಮಸುಕಾಗಿ ಬರುತ್ತವೆ. ‘ಸ್ವಲ್ಪ ಅಡ್ಜಸ್ಟ್ ಮಾಡು’, ‘ನೋಡ್ಕೋ’ ಎಂಬಂಥ ಮಾತುಗಳವು. ಅಂಕಿಸಂಖ್ಯೆ ಸಮೇತ ತಿರುಗಿ ಕೇಳಿದಾಗ ಹೇಳಿದವರೇ ಹಿಂದೆ ಸರಿಯುವುದುಂಟು. ನೀವು ತಪ್ಪು ತಿಳಿದಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ. ರವದಿ (ಒಣ ಎಲೆ) ಜಾಸ್ತಿ ಬಂದ ಕಬ್ಬಿಗೆ ಕಡಿತ ಮಾಡಲು ಕರಾರಿನಲ್ಲೇ ಅವಕಾಶ ಇರಬಹುದು. ಇದ್ದರೆ ಅದನ್ನು ಚೀಟಿಯಲ್ಲಿ ಬೇರೆ ಸಾಲಿನಲ್ಲಿ, ರೈತನ ಕಣ್ಣಿಗೆ ಕಾಣುವಂತೆ ಹಾಕಬೇಕು.

ಮುಂದೆ, ಬರಹದಲ್ಲಿ ಕೇಳಿ. ‘ಬರದು ಕೊಡ್ರಿ’ ಅಂದರೆ ಸಾಹೇಬರಿಗೆ ಸಿಟ್ಟು ಬರುತ್ತದೆ, ಅದಕ್ಕೆ ಕಾರಣವನ್ನು ನಿಯಮದ ಮೇಲೆ ಹಾಕಿ: ‘ಆಡಿಟ್‌ನವರು ಕೇಳಿದ್ರ ತೋರಸಾಕ ಬೇಕಾಗತೈತ್ರಿ.’ ಸರ್ಕಾರಿ ನೌಕರರಿಗೆ ಇದಕ್ಕೆ ಗಟ್ಟಿ ಆಧಾರವಿದೆ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಬಂದ ಆದೇಶವನ್ನು ಬರಹದಲ್ಲಿ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೂ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿರಬೇಕು ಎಂದಿದೆ.

ಬರೆದು ಕೊಡದಿದ್ದರೆ ನೀವೇ ಬರೆಯಿರಿ. ಅದೇ ದಿನ, ಅವರಿಗೇ ಹೋಗುವ ಸಂದೇಶ. ಮಾದರಿ ಇಷ್ಟು:

‘ಮಾನ್ಯರೇ, ಇಂದು ಮಧ್ಯಾಹ್ನ 3.20ಕ್ಕೆ ತಾವು ಸರ್ವೆ ನಂಬರ್ … ರ ಸಾಲದ ಅರ್ಜಿಯನ್ನು ಉತಾರ ಇಲ್ಲದೆ ಮಂಜೂರಾತಿಗೆ ಇಡಲು ತಿಳಿಸಿದ್ದೀರಿ. ಉತಾರ ಬಂದ ಕೂಡಲೆ ಇಡುತ್ತೇನೆ. ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ತಿಳಿಸಿ.’

ಇದರಲ್ಲಿ ಆರೋಪವಿಲ್ಲ, ಬೈಗುಳವಿಲ್ಲ. ಸಮಯ, ಆಜ್ಞೆ, ನೀವು ಮಾಡಲಿರುವುದು, ತಿದ್ದಿಕೊಳ್ಳಲು ದಾರಿ, ಇಷ್ಟೇ ಇದೆ. ‘ಅನ್ಯಾಯ’, ‘ಭ್ರಷ್ಟಾಚಾರ’ ಎಂಬ ಪದ ಸೇರಿತೋ, ಮುಂದೆ ಚರ್ಚೆಯೆಲ್ಲ ನಿಮ್ಮ ನಾಲಿಗೆಯ ಮೇಲೆ ನಡೆಯುತ್ತದೆ.

ಆಸ್ಪತ್ರೆಯವರು ಬಂದ ಆಜ್ಞೆಯನ್ನು ಸಹೋದ್ಯೋಗಿಯೊಬ್ಬರ ಜೊತೆ ಪರೀಕ್ಷಿಸಿ ನೋಡಬೇಕು. 1966ರಲ್ಲಿ ಪ್ರಕಟವಾದ ಹಾಫ್ಲಿಂಗ್ ಅಧ್ಯಯನದಲ್ಲಿ ಗುರುತಿಲ್ಲದ ‘ಡಾಕ್ಟರ್’ ಒಬ್ಬರು ಫೋನಿನಲ್ಲಿ 20 ಮಿಲಿಗ್ರಾಂ ಔಷಧ ಕೊಡಲು ಹೇಳಿದರು. ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಡಬ್ಬಿಯ ಮೇಲೇ ಇತ್ತು. 22 ನರ್ಸುಗಳಲ್ಲಿ 21 ಜನ ಕೊಡಲು ಹೊರಟರು, ಬಾಗಿಲಲ್ಲಿ ತಡೆದರು. 1977ರಲ್ಲಿ ಇದೇ ಬಗೆಯ ಇನ್ನೊಂದು ಅಧ್ಯಯನದಲ್ಲಿ ಔಷಧ ಪರಿಚಯದ್ದಾಗಿತ್ತು, ಬೇರೆ ನರ್ಸುಗಳನ್ನು ಕೇಳಲು ಅವಕಾಶವಿತ್ತು. 18ರಲ್ಲಿ ಕೊಡಲು ತಯಾರಾದವರು ಇಬ್ಬರೇ. ‘ಸಿಸ್ಟರ್, ಇದೊಂದ್ ಡೋಸ್ ನೋಡ್ರಿ’ ಎಂದು ಪಕ್ಕದವರನ್ನು ಕೇಳುವಷ್ಟು ಸಣ್ಣ ಕೆಲಸ ಮತ್ತು ಔಷಧದ ಪರಿಚಯ ಸೇರಿ ಆದ ಅಂತರ ಇದು.

ಕೊನೆಗೂ ಒತ್ತಾಯ ಬಂದರೆ ಚಿಕ್ಕದಾಗಿ ಹೇಳಿ: ‘ಇದೊಂದು ನನ್ನ ಕೈಲೆ ಆಗೂದಿಲ್ಲರಿ. ಬ್ಯಾರೆ ಏನರ ಹೇಳ್ರಿ, ಮಾಡ್ತೀನ್ರಿ.’ ಕಾರಣ ಕೊಡುತ್ತಾ ಹೋಗಬೇಡಿ. ಕೊಟ್ಟ ಪ್ರತಿ ಕಾರಣಕ್ಕೂ ಅವರ ಬಳಿ ಉತ್ತರ ಇರುತ್ತದೆ, ಕಾರಣ ಮುಗಿದಾಗ ಒಪ್ಪಿದಂತೆ ಆಗುತ್ತದೆ. ‘ಎಲ್ಲಾರೂ ಮಾಡ್ತಾರ’, ‘ಇದೊಂದ ಸಲ’, ‘ಜವಾಬ್ದಾರಿ ನಂದು’ ಎಂಬ ಮೂರಕ್ಕೂ ಅದೇ ಸಾಲನ್ನು ಅದೇ ದನಿಯಲ್ಲಿ ಮತ್ತೆ ಹೇಳಿ.

‘ಜವಾಬ್ದಾರಿ ನಂದು’ ಎಂಬುದಕ್ಕೆ ಮರುಳಾಗಬಾರದು. ಮಿಲ್‌ಗ್ರಾಂ ಪ್ರಯೋಗದಲ್ಲಿ ‘ಏನಾದರೂ ಆದರೆ ಯಾರು ಹೊಣೆ’ ಎಂದು ಕೇಳಿದವರು ‘ನಾನೇ ಹೊಣೆ’ ಎಂಬ ಉತ್ತರ ಕೇಳಿ ಮುಂದುವರಿದದ್ದುಂಟು. ಕಾನೂನು ಹಾಗೆ ಹೊಣೆಯನ್ನು ದಾಟಿಸಲು ಬಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಂ ರಕ್ಷಣೆ ಕೊಡುವುದು ಕಾನೂನೇ ಕಡ್ಡಾಯ ಮಾಡಿದ ಕೆಲಸಕ್ಕೆ, ಅಥವಾ ಸಂಗತಿಯನ್ನು ಪ್ರಾಮಾಣಿಕವಾಗಿ ತಪ್ಪು ತಿಳಿದು ಹಾಗೆಂದು ನಂಬಿ ಮಾಡಿದ ಕೆಲಸಕ್ಕೆ. ‘ಸಾಹೇಬ್ರು ಹೇಳಿದ್ರು’ ಎಂಬುದು ಅದರೊಳಗೆ ಬರುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ನಾಜಿ ಮುಖಂಡರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಆಧಾರದ ಮೇಲೆ 1950ರಲ್ಲಿ ಬರೆದ ತತ್ವಗಳಲ್ಲೂ ಇದೇ ಇದೆ: ಬೇರೆ ಆಯ್ಕೆ ಮಾಡಲು ಸಾಧ್ಯವಿದ್ದವರನ್ನು ಮೇಲಿನವರ ಆಜ್ಞೆ ಹೊಣೆಯಿಂದ ಬಿಡಿಸುವುದಿಲ್ಲ.

ಎಲ್ಲಿ ಕೆಡುತ್ತದೆ

ಹೂಂ ಅಂದು ಮಾಡದೇ ಇರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಫೋನಿನ ಪ್ರಯೋಗದಲ್ಲೂ ಕೆಲವರು ದೊಡ್ಡ ಶಾಕ್ ಕೊಡುತ್ತಿದ್ದೇವೆ ಎಂದು ಹೇಳಿ ಸಣ್ಣದನ್ನೇ ಒತ್ತಿದ್ದರು. ಆ ಹೊತ್ತಿಗೆ ಒಬ್ಬರಿಗೆ ಆಗುವ ಕೇಡು ತಪ್ಪುತ್ತದೆ, ಜೀವದ ಮಾತಾದರೆ ಅದನ್ನೇ ಮಾಡಿ. ಆದರೆ ಆಜ್ಞೆ ಹಾಗೇ ಉಳಿಯುತ್ತದೆ, ನೀವು ಒಪ್ಪಿದವರ ಲೆಕ್ಕದಲ್ಲಿ ಸೇರುತ್ತೀರಿ, ಸಿಕ್ಕಿಬಿದ್ದರೆ ಎರಡೂ ಕಡೆ ಸುಳ್ಳುಗಾರರಾಗುತ್ತೀರಿ.

ಎರಡನೆಯ ತಪ್ಪು, ಒಮ್ಮೆ ಮಾಡಿದವರು ‘ಇನ್ನ ಆತಲ್ಲ’ ಎಂದು ಕೈಬಿಡುವುದು. ಏಣಿ ಕೆಲಸ ಮಾಡುವುದೇ ಹೀಗೆ. ಎಷ್ಟನೇ ಮೆಟ್ಟಿಲಲ್ಲಾದರೂ ಇಳಿಯಬಹುದು. ಇಳಿಯುವಾಗ ಹಿಂದಿನದನ್ನು ಸಮರ್ಥಿಸಲು ಹೋಗದೆ ‘ಇಲ್ಲಿ ತನಕ ಮಾಡಿದ್ದು ತಪ್ಪಾತ್ರಿ, ಇವತ್ತಿಂದ ಮಾಡಾಂಗಿಲ್ರಿ’ ಎಂದು ನೇರ ಹೇಳಿ. ಹಿಂದಿನದಕ್ಕೆ ನಿಮ್ಮ ಸಹಿ ಇದ್ದರೆ ಬೇರೆಲ್ಲೂ ಬಾಯಿ ಬಿಡುವ ಮೊದಲು ವಕೀಲರನ್ನು ಕಾಣಿ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ.

ಮೂರನೆಯದು, ಕಚೇರಿಯ ಕಡತವನ್ನೇ ಮನೆಗೆ ಒಯ್ಯುವುದು. ಕಳವಿನ ಆರೋಪ ನಿಮ್ಮ ಮೇಲೆಯೇ ಬರುತ್ತದೆ. ಬದಲಿಗೆ ಪುಟಸಂಖ್ಯೆ ಇರುವ ಹೊಲಿದ ನೋಟ್‌ಬುಕ್ ಇಡಿ. ತಾರೀಖು, ಸಮಯ, ಹೇಳಿದ ಮಾತು ಅದೇ ಪದಗಳಲ್ಲಿ, ಯಾರಿದ್ದರು, ನೀವು ಏನಂದಿರಿ ಎಂಬುದನ್ನು ಅದೇ ರಾತ್ರಿ ಬರೆಯಿರಿ. ಹಾಳೆ ಹರಿಯಬೇಡಿ, ಮಧ್ಯೆ ಜಾಗ ಬಿಡಬೇಡಿ. ಸರ್ಕಾರಿ ಕಚೇರಿಯ ದಾಖಲೆ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ, 30 ದಿನದ ಗಡುವು. ಸೊಸೈಟಿಗೆ ನೇರವಾಗಿ ಅರ್ಜಿ ಹಾಕಿದರೆ ಬಹುಮಟ್ಟಿಗೆ ವಾಪಸ್ ಬರುತ್ತದೆ. ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘಗಳು ಈ ಕಾಯ್ದೆಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿರುವ ದಾಖಲೆಗೆ ಹಾಕಿ.

ದೂರು ಕೊಡುವುದು ಕೊನೆಯ ಹಂತ, ಸರಿಯಾದ ಬಾಗಿಲಿಗೆ ಹೋಗಬೇಕು. ತೂಕದ ವಿಷಯಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ. ಸೊಸೈಟಿಗೆ ಉಪನಿಬಂಧಕರು, 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ವಿಚಾರಣೆಗೆ ಅವಕಾಶ ಕೊಡುತ್ತದೆ. ಸರ್ಕಾರಿ ನೌಕರರ ಮೇಲಾದರೆ ಲೋಕಾಯುಕ್ತ. ಬಾಲ್ಯವಿವಾಹಕ್ಕೆ ಮಕ್ಕಳ ಸಹಾಯವಾಣಿ 1098, ಹಿರಿಯರು ಹೇಳಿದರೆಂದು ಮದುವೆ ನಡೆಸಿಕೊಟ್ಟವರಿಗೂ 2006ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಮೊದಲೇ ಫೇಸ್‌ಬುಕ್ಕಿಗೆ ಹಾಕಿದರೆ ಸಾಹೇಬರು ಎಚ್ಚೆತ್ತು ರಿಜಿಸ್ಟರ್ ತಿದ್ದಿಕೊಳ್ಳುತ್ತಾರೆ, ತನಿಖೆಗೆ ಬಂದವರಿಗೆ ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನೌಕರಿ ಹೋಗಬಹುದು, ವರ್ಗವಾಗಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ನೌಕರಿ ಕೊಡಿಸಿದ ಮಾವನಿಗೂ, ಸಾಹೇಬರ ಕಡೆಯಿಂದ ಸುದ್ದಿ ಮುಟ್ಟುವ ಮೊದಲು ನೀವೇ ಹೋಗಿ ನಡೆದದ್ದನ್ನು ಹೇಳಿ.

ನೀವೇ ಮೇಲಿನವರಾದರೆ

ಕೈಕೆಳಗೆ ನಾಲ್ಕು ಜನ ಇದ್ದರೂ ನೀವು ಯಾರಿಗೋ ಸಾಹೇಬರೇ. ನಿಮ್ಮ ಆಜ್ಞೆಯಲ್ಲಿ ತಪ್ಪಿದ್ದಾಗ ಅವರು ಹೇಳದಿದ್ದರೆ ಮುಳುಗುವುದು ನೀವು. ಸಭೆಯಲ್ಲಿ ಮೊದಲು ಎಲ್ಲಕ್ಕಿಂತ ಕಿರಿಯರ ಮಾತು ಕೇಳಿ, ನಿಮ್ಮದನ್ನು ಕೊನೆಗೆ ಹೇಳಿ. ‘ಯಾರಿಗಾದ್ರೂ ಅಡ್ಡಿ ಐತೇನು?’ ಎಂದು ಕೇಳಿದರೆ ಯಾರೂ ಬಾಯಿ ತೆರೆಯುವುದಿಲ್ಲ. ‘ಇದರಾಗ ಕೆಡುವಂಥಾದ್ದು ಏನೈತಿ, ಒಬ್ಬೊಬ್ಬರು ಒಂದೊಂದು ಹೇಳ್ರಿ’ ಎಂದು ಕೇಳಿ. ಒಬ್ಬರು ‘ಆಗೂದಿಲ್ಲರಿ’ ಅಂದ ದಿನ ಉಳಿದವರೆಲ್ಲ ನಿಮ್ಮ ಮುಖ ನೋಡುತ್ತಿರುತ್ತಾರೆ. ಅವತ್ತು ಅವರ ಪಾಳಿ ಬದಲಿಸಬೇಡಿ, ರಜೆ ಅರ್ಜಿ ತಡೆಯಬೇಡಿ. ಅವರು ಎತ್ತಿದ ಪ್ರಶ್ನೆಗೆ ಒಪ್ಪಿಗೆಯೋ ಇಲ್ಲವೋ, ಕಾರಣ ಸಮೇತ ಒಂದು ವಾರದೊಳಗೆ ಎಲ್ಲರೆದುರು ಉತ್ತರ ಕೊಡಿ.